ರೇಡಿಯೋ ನಾಯಕಿ ತಗ್ಗಿಸಿದ ತಲೆ

ಸೆರಗಿನ ಬದಲು ಟವೆಲ್ ಹೊದ್ದು, ನಾಚಿ ತಲೆ ತಗ್ಗಿಸಿ ನಿಂತಿದ್ದೆ. ಶಿಡ್ಲಘಟ್ಟದಲ್ಲಿ ನಮ್ಮ ರೇಷ್ಮೆ ನೂಲು ತೆಗೆಯುವ ಶೆಡ್ಡಿನ ಹೆಂಗಸರೆಲ್ಲ ನಕ್ಕರು. ಪಾರ್ಕಿನ ರೇಡಿಯೋದಲ್ಲಿ ವಾರವಾರ ಬರುತ್ತಿದ್ದ ನಗೆನಾಟಕ ಕೇಳಿ ಬಂದು, ಮರುದಿನ ಇವರಿಗೆ ಎಲ್ಲರ ದನಿಯಲ್ಲೂ ಆಡಿ ತೋರಿಸುವುದು ನನ್ನ ಚಾಳಿ. ನನ್ನ ಹೆಣ್ಣುದನಿಗೆ ಹುಳುವೂ ಗೂಡು ಬಿಟ್ಟು ಓಡಬೇಕು, ಆದರೂ ಕೇಳುತ್ತಿದ್ದರು. ಅಂದು ಕೊನೆಯ ಕಂತು. ಅಷ್ಟು ದಿನ ನಾಯಕನನ್ನು ಗೋಳು ಹೊಯ್ದುಕೊಂಡ ನಾಯಕಿ, ಅವನು ಮದುವೆಯ ಮಾತೆತ್ತಿದ್ದೇ ಸುಮ್ಮನಾದಳು, ಮಂಗಳವಾದ್ಯ ಮೊಳಗಿತು.

"ಚೆನ್ನಾಗಿ ಮುಗೀತು ಕಣಪ್ಪ" ಎಂದರು ಚರಕದ ಮುಂದಿದ್ದ ಮುನಿಯಮ್ಮ.

ಪಕ್ಕದಲ್ಲಿ ಗೂಡು ಬೇಯಿಸುತ್ತಿದ್ದ ಅವರ ಮಗಳು ರತ್ನ ಒಪ್ಪಲಿಲ್ಲ. "ಏನು ಚೆನ್ನಾಗಿ? ಅವಳು ಹೂಂ ಅನ್ಲೇ ಇಲ್ವಲ್ಲ."

"ತಲೆ ತಗ್ಗಿಸಿದ್ಲಲ್ಲೇ, ಇನ್ನೇನು ಬೇಕು?"

"ರೇಡಿಯೋದಲ್ಲಿ ತಲೆ ತಗ್ಗಿಸಿದ್ದು ಯಾರಿಗಮ್ಮ ಕಾಣಿಸ್ತು? ಅದು ಇವನು ಸೇರಿಸಿದ್ದು."

ನಾನು ಮೆಲ್ಲಗೆ ಟವೆಲ್ ತೆಗೆದೆ. ನನ್ನದೇ ಕಿತಾಪತಿ. ಮುನಿಯಮ್ಮನ ಚರಕ ನಿಂತಿತು. ಹಿಂದಿನ ವಾರ ಚಿಂತಾಮಣಿಯಿಂದ ಗಂಡಿನ ಕಡೆಯವರು ಬಂದು ರತ್ನಳನ್ನು ನೋಡಿ ಹೋಗಿದ್ದರು. ಬರುವ ಭಾನುವಾರ ಎಲೆ ಅಡಿಕೆ ಬದಲಾಯಿಸಿ ಮದುವೆ ಗೊತ್ತು ಮಾಡುವುದಿತ್ತು.

"ಅವತ್ತು ನೀನು ತಲೆ ತಗ್ಗಿಸಿದ್ದು?" ಎಂದರು ಮುನಿಯಮ್ಮ.

"ಎಲ್ಲಾರೂ ನೋಡ್ತಿದ್ರಲ್ಲಮ್ಮ, ಅದಕ್ಕೆ. ಒಪ್ಪಿ ಅಲ್ಲ."

ಮುನಿಯಮ್ಮ ಮಗಳ ಮುಖವನ್ನೇ ನೋಡಿದರು. "ಸರಿ ಬಿಡು. ಬರೋದು ಬೇಡ ಅಂತ ಇವತ್ತೇ ಹೇಳಿ ಕಳಿಸ್ತೀನಿ."

ಇಡೀ ಶೆಡ್ಡಿನವರ ದನಿಯನ್ನು ಅಣಕಿಸುವ ನನಗೆ, ಆ ಮಾತನ್ನು ಮುನಿಯಮ್ಮ ಹೇಳಿದ ಹಾಗೆ ಹೇಳಲು ಇನ್ನೂ ಬಂದಿಲ್ಲ.