ಅಕ್ಕನಿಗೆ ಹೇಳಬೇಕಾದದ್ದು

ನಾನು ದಿನಚರಿ ಬರೆಯಲು ಶುರುಮಾಡಿದ್ದು ಅಕ್ಕನ ಮಾತು ನಿಂತ ಮೇಲೆ. ಅದಕ್ಕಿಂತ ಮೊದಲು ನನಗೆ ಬರೆಯುವ ಅಗತ್ಯವೇ ಇರಲಿಲ್ಲ. ಮೂಡುಬಿದಿರೆಯ ಕಾಲೇಜೊಂದರ ಲೈಬ್ರರಿಯಲ್ಲಿ ನನಗೆ ಕೆಲಸ. ಸಂಜೆ ಬಸ್ಸಿಳಿದು ಪಾಣೆಮಂಗಳೂರಿನ ಮನೆ ಸೇರಿ, ಕೈಕಾಲು ತೊಳೆದು, ಚಹಾದ ಲೋಟ ಹಿಡಿದು ಕೂತರೆ ಅಳದಂಗಡಿಯಿಂದ ಅಕ್ಕನ ಫೋನು ಬರುತ್ತಿತ್ತು. ಅವಳು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಅಲಸಂಡೆ ಮುರಿಯುತ್ತಲೋ, ಹಟ್ಟಿಯಲ್ಲಿ ದನಕ್ಕೆ ಹುಲ್ಲು ಹಾಕುತ್ತಲೋ ಮಾತಾಡುತ್ತಿದ್ದಳು.

ಮಾತೆಂದರೆ ದೊಡ್ಡ ವಿಷಯವೇನಲ್ಲ. ಬಸ್ಸಿನಲ್ಲಿ ಯಾರು ಯಾರ ಜೊತೆ ಜಗಳವಾಡಿದರು, ಮೀನು ಮಾರುವವಳು ಯಾಕೆ ಎರಡು ದಿನ ಬರಲಿಲ್ಲ, ಲೈಬ್ರರಿಯ ಮೂಲೆಯ ಮೇಜಿನಲ್ಲಿ ಒಂದು ಹುಡುಗಿ ಪುಸ್ತಕ ಅಡ್ಡ ಹಿಡಿದುಕೊಂಡು ಯಾಕೆ ಅಳುತ್ತಿದ್ದಳು. ನಾನು ಒಂದು ಹೇಳಿ ನಿಲ್ಲಿಸಿದರೆ ಆ ಕಡೆಯಿಂದ "ಬೊಕ್ಕ?" ಎಂದು ಬರುತ್ತಿತ್ತು. ತುಳುವಿನಲ್ಲಿ 'ಆಮೇಲೆ?' ಎಂದು ಅರ್ಥ. ಆಮೇಲಿನದ್ದು ನನಗೆ ಗೊತ್ತಿಲ್ಲದಿದ್ದರೆ ಬೈಗುಳ ಗ್ಯಾರಂಟಿ. "ಅಳುವ ಹುಡುಗಿಯನ್ನು ನೋಡಿ ಕೇಳದೆ ಬಂದೆಯಾ ನೀನು? ನಾಳೆ ಕೇಳು ಮಾರಾಯ್ತಿ, ನನಗೆ ಇವತ್ತು ಊಟ ಸೇರುವುದಿಲ್ಲ."

ನನ್ನ ಗಂಡ ದೋಹಾದಲ್ಲಿದ್ದಾರೆ. ಅವರೂ ಫೋನು ಮಾಡುತ್ತಾರೆ. ಆದರೆ ಆ ಮಾತು ಕರೆಂಟು ಬಿಲ್ಲು, ಮಗನ ಪರೀಕ್ಷೆ, ನನ್ನ ಬಿ.ಪಿ. ಮಾತ್ರೆಯಲ್ಲಿ ಮುಗಿಯುತ್ತದೆ. ಪೊಕ್ಕಡೆ ಮಾತಾಡಲು, ಅಂದರೆ ಏನೂ ಕಾರಣವಿಲ್ಲದೆ ಮಾತಾಡಲು, ನನಗಿದ್ದದ್ದು ಅಕ್ಕ ಒಬ್ಬಳೇ.

ಒಂದು ಬೆಳಿಗ್ಗೆ ಹಾಲು ಕೊಡಲು ಡೈರಿಗೆ ಹೋದವಳು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳಂತೆ. ಬಲಗೈ ಏಳಲಿಲ್ಲ, ಬಾಯಿ ಓರೆಯಾಯಿತು. ಮಂಗಳೂರಿನ ಆಸ್ಪತ್ರೆಯಿಂದ ಮನೆಗೆ ಬರುವಾಗ ಕೋಲು ಹಿಡಿದು ನಡೆಯುವಷ್ಟಾಗಿತ್ತು. ಮಾತು ಮಾತ್ರ ಬರಲಿಲ್ಲ. "ಅವರಿಗೆ ಎಲ್ಲ ಅರ್ಥವಾಗ್ತದೆ. ಹೇಳಲಿಕ್ಕೆ ಶಬ್ದ ಸಿಗುವುದಿಲ್ಲ, ಅಷ್ಟೆ" ಎಂದರು ಡಾಕ್ಟರು. ಆ 'ಅಷ್ಟೆ' ಎಂಬುದನ್ನು ನಾನು ಬಹಳ ದಿನ ಮರೆಯಲಿಲ್ಲ.

ನಾನು ಸಂಜೆಯ ಫೋನು ಬಿಡಲಿಲ್ಲ. ಭಾವ ಅವಳ ಕಿವಿಗೆ ಹಿಡಿಯುತ್ತಿದ್ದರು. ನಾನು ಹೇಳುತ್ತಾ ಹೋಗುತ್ತಿದ್ದೆ, ಆ ಕಡೆಯಿಂದ ಬರೀ ಉಸಿರು.

"ಅಕ್ಕಾ, ಕೇಳ್ತಾ ಉಂಟಾ?"

ಭಾವನ ಸ್ವರ ಬರುತ್ತಿತ್ತು. "ತಲೆ ಆಡಿಸ್ತಾಳೆ. ನಿನಗೆ ಕಾಣುವುದಿಲ್ಲ, ಬೇರೆಂಥದ್ದೂ ಇಲ್ಲ."

ವಿಡಿಯೊ ಕಾಲ್ ಮಾಡಿದರೆ ಮುಖ ಗೋಡೆಯ ಕಡೆ ತಿರುಗಿಸಿಬಿಡುತ್ತಿದ್ದಳು. ಕ್ರಮೇಣ ಫೋನು ನಿಂತಿತು. ಆಗಲೇ ನನಗೆ ಗೊತ್ತಾದದ್ದು, ದಿನವಿಡೀ ನಾನು ನೋಡುತ್ತಿದ್ದದ್ದರಲ್ಲಿ ಅರ್ಧಪಾಲು ಅವಳಿಗಾಗಿ ಎಂದು. ಸಿದ್ಧಕಟ್ಟೆಯಲ್ಲಿ ಬಸ್ಸು ಹತ್ತಿದ ಮದುಮಗಳ ಕೈಯ ಮದರಂಗಿ ಕಂಡರೆ 'ಅಕ್ಕನಿಗೆ ಹೇಳಬೇಕು' ಎಂದು ಮನಸ್ಸು ತನ್ನಷ್ಟಕ್ಕೆ ಎತ್ತಿಡುತ್ತಿತ್ತು. ಸಂಜೆ ಅದನ್ನು ಇಳಿಸಲು ಜಾಗವಿರಲಿಲ್ಲ.

ಬರೆದಿಟ್ಟು ಭಾನುವಾರ ಹೋಗಿ ಓದಿ ಹೇಳುವ ಎಂದುಕೊಂಡೆ. ಕಾಲೇಜಿನಲ್ಲಿ ಹೊಸವರ್ಷಕ್ಕೆ ಕೊಟ್ಟ ಡೈರಿಯೊಂದು ಹಾಗೆಯೇ ಬಿದ್ದಿತ್ತು. ಆದರೆ ಬರೆಯುವ ಅಭ್ಯಾಸ ಸುಲಭದಲ್ಲಿ ಹತ್ತುವುದಿಲ್ಲ. ಬೆಳಿಗ್ಗೆ ಬೇಗ ಎದ್ದು ಬರೆಯುತ್ತೇನೆಂದರೆ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಊಟವಾದ ಮೇಲೆಂದರೆ ನಿದ್ದೆ ಎಳೆಯುತ್ತಿತ್ತು. ಬಸ್ಸಿನಲ್ಲಿ ಬರೆದದ್ದನ್ನು ನನಗೇ ಓದಲಾಗುತ್ತಿರಲಿಲ್ಲ. ಒಂದು ವಾರ ಬರೆದು ಎರಡು ವಾರ ಬಿಟ್ಟೆ. ಕೊನೆಗೆ ಒಗ್ಗಿದ್ದು ಲೈಬ್ರರಿ ಮುಚ್ಚುವ ಬೆಲ್ಲು ಹೊಡೆದ ಮೇಲೆ ನನ್ನ ಬಸ್ಸು ಬರುವವರೆಗಿನ ಸ್ವಲ್ಪ ಹೊತ್ತು. ಫ್ಯಾನುಗಳೆಲ್ಲ ನಿಂತಿರುತ್ತವೆ, ಕಿಟಕಿ ಒಂದು ತೆರೆದಿರುತ್ತದೆ. ಎಲ್ಲರೂ ಹೋದ ಮೇಲೆ ಆ ಮೇಜು ನನ್ನದು.

ಮೊದಲ ಭಾನುವಾರ ಡೈರಿ ಹಿಡಿದು ಹೊರಟೆ. ಬಿ.ಸಿ. ರೋಡಿನಿಂದ ಬೆಳ್ತಂಗಡಿ ಬಸ್ಸು, ಗುರುವಾಯನಕೆರೆಯಲ್ಲಿ ಇಳಿದು ನಾರಾವಿ ಬಸ್ಸು. ಅಕ್ಕ ಜಗಲಿಯ ಕುರ್ಚಿಯಲ್ಲಿದ್ದಳು. ನಾನು ಕನ್ನಡಕ ಹಾಕಿಕೊಂಡು ಓದತೊಡಗಿದೆ. "ಇಂದು ಮುಂಜಾನೆ ಬಸ್ಸು ತಡವಾಗಿ ಬಂದಿತು. ಪ್ರಯಾಣಿಕರು ಬೇಸರಗೊಂಡಿದ್ದರು..." ಅಕ್ಕ ಅಂಗಳದ ಕೋಳಿಗಳನ್ನು ನೋಡುತ್ತಾ ಕೂತಳು. ಒಂದು ಪುಟ ಮುಗಿಯುವಷ್ಟರಲ್ಲಿ ಒಳಗಿನಿಂದ ಅವಳ ಸೊಸೆ ಬಂದು ನಗು ತಡೆದುಕೊಂಡು ಹೇಳಿದಳು, "ಚಿಕ್ಕಮ್ಮ, ಬೇಜಾರು ಮಾಡಬೇಡಿ. ನೀವು ಓದುವುದು ರೇಡಿಯೋ ವಾರ್ತೆ ಕೇಳಿದ ಹಾಗೆ ಉಂಟು."

ಅವಳು ಹೇಳಿದ್ದು ಸರಿ. ನನ್ನ ದಿನವೆಲ್ಲ ನಡೆಯುವುದು ತುಳುವಿನಲ್ಲಿ. ಪೆನ್ನು ಹಿಡಿದ ಕೂಡಲೇ ಅದು ಶಾಲೆಯ ಕನ್ನಡವಾಗುತ್ತಿತ್ತು. ಮರುದಿನದಿಂದ ಕನ್ನಡ ಅಕ್ಷರದಲ್ಲಿಯೇ ತುಳು ಬರೆದೆ. ಅದರಲ್ಲೂ ಪೇಚಾಟವಿತ್ತು. 'ನಾನು ಹೋಗುತ್ತೇನೆ' ಎಂಬುದಕ್ಕೂ 'ಅವನು ಹೋಗುತ್ತಾನೆ' ಎಂಬುದಕ್ಕೂ ತುಳುವಿನಲ್ಲಿ ಕೊನೆಯ ಸ್ವರ ಮಾತ್ರ ಬೇರೆ, ಬರೆದರೆ ಎರಡೂ 'ಪೋಪೆ'. ಕಾಗದದ ಮೇಲೆ ನಾನೂ ಅವನೂ ಒಂದೇ ಆಗಿಬಿಡುತ್ತಿದ್ದೆವು. ಬಾಯಿಬಿಟ್ಟು ಓದಿದರೆ ಮಾತ್ರ ಯಾರು ಯಾರೆಂದು ತಿಳಿಯುತ್ತಿತ್ತು. ಹೇಗೂ ಬಾಯಿಬಿಟ್ಟು ಓದಲೆಂದೇ ಬರೆಯುತ್ತಿದ್ದೆನಲ್ಲ!

ಮುಂದಿನ ಭಾನುವಾರ ಹಲಸಿನ ಹಣ್ಣಿನ ಕತೆ ಓದಿದೆ. ಅಜ್ಜ ಒಬ್ಬರು ದೊಡ್ಡ ಹಲಸಿನ ಹಣ್ಣನ್ನು ಕಿಟಕಿಯ ಬದಿಯ ಸೀಟಿನಲ್ಲಿ ಕೂರಿಸಿ ತಾವು ಕಂಬಿ ಹಿಡಿದು ನಿಂತಿದ್ದರು. ಕಂಡಕ್ಟರು "ಅಜ್ಜ, ಇವರು ಎಲ್ಲಿ ಇಳಿಯುವುದು?" ಎಂದು ಹಣ್ಣನ್ನು ತೋರಿಸಿ ಕೇಳಿದ. ಅಜ್ಜ ಮುಖ ಅಲುಗಿಸದೆ "ಮಗಳ ಮನೆಯಲ್ಲಿ" ಎಂದರು. ಅಕ್ಕನ ಭುಜ ಕುಲುಕಿತು. ನಾನು ಪುಟ ತಿರುಗಿಸಲು ನಿಲ್ಲಿಸಿದೆ.

"ಬೊಕ್ಕ?" ಎಂದಳು ಅಕ್ಕ.

ಸ್ವಲ್ಪ ತೊದಲು, ಆದರೆ ಅವಳದೇ ಸ್ವರ. ಭಾವ ಒದ್ದೆ ಕೈಯಲ್ಲಿಯೇ ಹೊರಗೆ ಓಡಿಬಂದರು. "ಏನೆಂದೆ? ಇನ್ನೊಮ್ಮೆ ಹೇಳು, ಇನ್ನೊಮ್ಮೆ" ಎಂದು ಮಗುವಿಗೆ ಕೇಳುವಂತೆ ಕೇಳಿದರು. ಅವಳು ಬಾಯಿ ತೆರೆದಳು, ಬರಲಿಲ್ಲ. ಕಣ್ಣು ತುಂಬಿಕೊಂಡಿತು. ಆ ಸಂಜೆ ಹಿಂದಿರುಗುವಾಗ ನಾನು ಬಸ್ಸಿನಲ್ಲಿ ಇಡೀ ದಾರಿ ಲೆಕ್ಕ ಹಾಕುತ್ತಾ ಬಂದೆ: ಇನ್ನು ಒಂದೊಂದೇ ಶಬ್ದ ಬರುತ್ತದೆ, ದೀಪಾವಳಿಯ ಹೊತ್ತಿಗೆ ಬೈಯುವಷ್ಟಾಗುತ್ತದೆ.

ಹಾಗಾಗಲಿಲ್ಲ. ಅದೊಂದೇ ಶಬ್ದ ಉಳಿಯಿತು. ನೀರು ಬೇಕಾದರೂ, ದನ ಕೂಗಿದರೂ ಅದೇ. ಕೆಲವು ದಿನ ಅದೂ ಇಲ್ಲ. ರೂಢಿಯಲ್ಲಿ ಸವೆದ ಶಬ್ದ ಹೀಗೆ ಉಳಿದುಕೊಳ್ಳುವುದುಂಟು, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು ಡಾಕ್ಟರು.

ಆದರೆ ನನಗೆ ಬೇಕಾಗಿದ್ದದ್ದು ಅವಳ ಅಭಿಪ್ರಾಯ. ಹಲಸಿನ ಅಜ್ಜನ ಬಗ್ಗೆ ಅವಳು ಏನು ಹೇಳುತ್ತಿದ್ದಳು? ಮಗಳಿಗೆ ಹಣ್ಣಿನ ಮೇಲೆ ಆಸೆಯೋ, ಅಜ್ಜನಿಗೆ ಮಗಳ ಮೇಲೆ ಆಸೆಯೋ? ಕೇಳಿ ಕೇಳಿ ಸಾಲದೆ ನಾನೇ ಅವಳ ಉತ್ತರಗಳನ್ನೂ ಬರೆಯತೊಡಗಿದೆ. ಅವಳ ಧಾಟಿ ನನಗೆ ಗೊತ್ತಿಲ್ಲವೇ? ಒಂದು ಭಾನುವಾರ ಅದನ್ನೂ ಓದಿದೆ. ಅಕ್ಕ ಎಡಗೈಯಿಂದ ಡೈರಿಯನ್ನು ತಳ್ಳಿಬಿಟ್ಟಳು. ಅದು ನೆಲಕ್ಕೆ ಬಿತ್ತು. ಅಷ್ಟು ಸಿಟ್ಟು ನಾನು ಕಂಡದ್ದಿಲ್ಲ. ನಾನು ಎತ್ತಿಕೊಂಡು ಆ ಸಾಲುಗಳನ್ನು ಅವಳೆದುರೇ ಹೊಡೆದು ಹಾಕಿದೆ. ಅವಳು ನನ್ನ ಕೈ ಹಿಡಿದುಕೊಂಡಳು.

ಅವತ್ತು ಹೊಳೆಯಿತು. ನನ್ನ ದಿನಕ್ಕಾದರೆ ಪುಟವಿದೆ. ಅವಳ ದಿನ ಎಲ್ಲಿಗೆ ಹೋಗುತ್ತದೆ?

ಆಮೇಲಿನ ಭಾನುವಾರಗಳಲ್ಲಿ ನನ್ನದು ಓದಿ ಮುಗಿದ ಮೇಲೆ ಪೆನ್ನು ತೆಗೆದು ಸೊಸೆಯನ್ನು ಕೂರಿಸಿಕೊಳ್ಳುತ್ತೇನೆ. ಆ ವಾರ ಅಕ್ಕ ಏನೇನು ಮಾಡಿದಳೆಂದು ಅವಳು ಹೇಳುತ್ತಾಳೆ, ನಾನು ಬರೆಯುತ್ತೇನೆ. ಅಕ್ಕ ಕಾವಲಿಗೆ ಕೂತವಳ ಹಾಗೆ ಕೇಳುತ್ತಾಳೆ.

"ಅತ್ತೆ ಮಂಗಳವಾರ ಹಟ್ಟಿಯವರೆಗೆ ನಡೆದರು" ಎಂದಳು ಸೊಸೆ ಒಮ್ಮೆ.

ಅಕ್ಕ ಕೈ ಎತ್ತಿ ತಡೆದಳು. ಕೋಲನ್ನು ತೋಟದ ಕಡೆ ಚಾಚಿದಳು.

"ಅಯ್ಯೋ, ತೋಟಕ್ಕಾ? ಒಬ್ಬರೇ? ನನಗೆ ಗೊತ್ತೇ ಇಲ್ಲ ಚಿಕ್ಕಮ್ಮ!"

ಅಕ್ಕನ ಮುಖದಲ್ಲಿ ಕಳ್ಳ ನಗು. ಬರೆದುಕೊಂಡೆ: ಮಂಗಳವಾರ, ತೋಟದವರೆಗೆ, ಯಾರಿಗೂ ಹೇಳದೆ.

ಕಳೆದ ವಾರ ಅಕ್ಕ ಏನೋ ಹೇಳಲು ಹೊರಟಳು. ಎದೆಯ ಮೇಲೆ ಕೈಯಿಟ್ಟಳು, ಮೇಲೆ ಮಾಡಿನ ಕಡೆ ತೋರಿಸಿದಳು, ಮತ್ತೆ ನನ್ನನ್ನು ತೋರಿಸಿದಳು. ನಾನು, ಭಾವ, ಸೊಸೆ ಮೂವರೂ ಊಹಿಸಿದೆವು. ಅಮ್ಮನ ನೆನಪಾ? ಮಾಡು ಸೋರುತ್ತದಾ? ಮಳೆಯಾ, ದೇವರಾ, ಔಷಧಿಯಾ? ಎಲ್ಲದಕ್ಕೂ ಅವಳು ಅಲ್ಲವೆಂದು ತಲೆಯಾಡಿಸಿದಳು. ಕಡೆಗೆ ಅವಳೇ ಸೋತು ಕೈ ಮಡಿಲಲ್ಲಿಟ್ಟುಕೊಂಡಳು. ನನಗೆ ಆ ಗಳಿಗೆಯಲ್ಲಿ ಹಳೆಯ ಸಂಜೆಯ ಒಂದೇ ಒಂದು ಫೋನು ಬೇಕೆನಿಸಿತು, ಬೈಗುಳವಾದರೂ ಸರಿ.

ಖಾಲಿ ಬಿಡಲು ಮನಸ್ಸಾಗಲಿಲ್ಲ. ನಿಧಾನಕ್ಕೆ ಬರೆದು, ಬರೆದದ್ದನ್ನು ಅವಳಿಗೆ ಓದಿ ಹೇಳಿದೆ: "ಇವತ್ತು ಅಕ್ಕ ನನಗೆ ಒಂದು ವಿಷಯ ಹೇಳಿದಳು. ನಮಗೆ ಗೊತ್ತಾಗಲಿಲ್ಲ."

ಅಕ್ಕ ಪುಟದ ಆ ಸಾಲನ್ನು ನೋಡಿದಳು. ಆಮೇಲೆ ಹೌದೆಂದು ತಲೆಯಾಡಿಸಿದಳು.