ಎಪ್ಪತ್ತರ ದಶಕದ ಕ್ಯಾಸೆಟ್

ಶ್ರೀರಾಂಪುರದ ಟೇಪ್‌ರೆಕಾರ್ಡರ್ ರಿಪೇರಿಯವರು, ಸರಿಮಾಡಿದ ಪ್ರತಿ ಸೆಟ್ಟನ್ನೂ ಎಪ್ಪತ್ತರ ದಶಕದ ಸಿನಿಮಾ ಹಾಡುಗಳ ಅದೇ ಒಂದು ಕ್ಯಾಸೆಟ್ ಹಾಕಿ ಪರೀಕ್ಷಿಸುತ್ತಿದ್ದರು. ನಾನು ಎಂಬತ್ತರ ಹಾಡುಗಳ ಪರ. ಜಗಳವಾಡದೆ ಆ ಅಂಗಡಿಯಿಂದ ಇಳಿದದ್ದೇ ಇಲ್ಲ. “ಎಪ್ಪತ್ತು ಮುಗೀತು, ಹಾಡೂ ಮುಗೀತು ಸಾರ್,” ಎಂದು ಸೋಲ್ಡರಿಂಗ್ ಕಡ್ಡಿ ಎತ್ತಿ ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಹೋದ ತಿಂಗಳು ರಿಪೇರಿಗೆ ಕೊಟ್ಟಿದ್ದ ಸೆಟ್ ತರಲು ಹೋದೆ. ಕ್ಯಾಸೆಟ್ ತಿರುಗುತ್ತಿತ್ತು. ಅವರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಕಣ್ಣು ತೆರೆದು ನನ್ನನ್ನು ಕಂಡು, “ಕೇಳಿ ಸಾರ್, ಹಾಡು ಅಂದ್ರೆ ಇದು!” ಎಂದರು.

ಅಂಗಡಿಯಲ್ಲಿ ಸದ್ದೇ ಇರಲಿಲ್ಲ. ಸ್ಪೀಕರಿನ ತಂತಿಗೆ ಬೆಸುಗೆ ಹಾಕುವುದನ್ನೇ ಮರೆತಿದ್ದರು. ಅವರ ಕಿವಿ ಮಂದವಾದದ್ದು ನನಗೆ ಗೊತ್ತಿತ್ತು. ಪೂರ್ತಿ ಹೋದದ್ದು ಆಗ ತಿಳಿಯಿತು.

“ನೀವೇ ಗೆದ್ರಿ!” ಎಂದು ಕೂಗಿದೆ.

ಅವರು ಸೋಲ್ಡರಿಂಗ್ ಕಡ್ಡಿ ಎತ್ತಿದರು. “ಇನ್ನೂ ಎಂಬತ್ತು ಅಂತೀರಲ್ಲ ಸಾರ್!”