ಓಬಳಮ್ಮನ ದನಿ ತೆಗೆದದ್ದು

ಯಾರೋ ಕರೆದ ಹಾಗಾಯಿತು, ತಿರುಗಿ ನೋಡಿದರೆ ಯಾರೂ ಇರಲಿಲ್ಲ ಅಂತ ಯಾರಾದರೂ ಕಥೆ ಶುರು ಮಾಡಿದರೆ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ರೆಕಾರ್ಡ್ ಮಾಡ್ಕೊಂಡ್ರಾ?" ಇಲ್ಲ ಅನ್ನುತ್ತಿದ್ದರು. ನನ್ನ ಮಟ್ಟಿಗೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಮಧುಗಿರಿಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆ ನನ್ನ ಸ್ಟುಡಿಯೊ. ಧ್ವನಿ ಎಡಿಟ್ ಮಾಡುವುದೇ ಕಸುಬು. ಮನುಷ್ಯರ ಕಿವಿಯನ್ನು ನಾನು ನಂಬುತ್ತಿರಲಿಲ್ಲ, ಫೈಲನ್ನು ನಂಬುತ್ತಿದ್ದೆ. ಈಗ ಹೇಳಹೊರಟಿರುವುದು ಫೈಲಿನಲ್ಲೇ ಇದ್ದ ಸಂಗತಿ. ಇದರಲ್ಲಿ ನಾನು ಒಳ್ಳೆಯವನಾಗಿ ಕಾಣುವುದಿಲ್ಲ. ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಕಳ್ಳಂಬೆಳ್ಳದ ಹತ್ತಿರದ ಒಂದು ಊರಿನಲ್ಲಿ ರಂಗಮ್ಮ ಅಂತ ಒಬ್ಬ ಮುದುಕಿ ಇದ್ದರು. ತಂಬೂರಿ ಮೀಟಿಕೊಂಡು ತತ್ವಪದ ಹೇಳುತ್ತಿದ್ದರು. ಅವರು ಒಂದು ಸಾಲು ಹೇಳಿದರೆ ಹಿಂದೆ ಕೂತ ಸೊಸೆ ಓಬಳಮ್ಮ ಅದನ್ನು ಎತ್ತಿಕೊಂಡು ತಿರುಗಿ ಹಾಡಬೇಕು. ಅದು ಮುಗಿದ ಮೇಲೆಯೇ ಮುಂದಿನ ಸಾಲು. ಓಬಳಮ್ಮ ಪಾವಗಡದ ಕಡೆಯವಳು, ಊರು ರಾಯಚರ್ಲು. ಮನೆಮಾತು ತೆಲುಗು. ಗಂಡ ಸತ್ತು ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅತ್ತೆಯ ಜೊತೆಗೇ ಉಳಿದು, ಪದಗಳನ್ನೆಲ್ಲ ಅತ್ತೆಯ ಬಾಯಿಂದಲೇ ಕಲಿತಿದ್ದಳು.

ಇವರನ್ನು ರೆಕಾರ್ಡ್ ಮಾಡಿಸಿದ್ದು ರಂಗಮ್ಮನ ಕಿರಿಯ ಮಗ ತಿಮ್ಮರಾಜು. ಶಿರಾದಲ್ಲಿ ಕಂಟ್ರಾಕ್ಟರ್, ಊರಿನಲ್ಲಿ ಒಂದು ಸಮುದಾಯ ಭವನ ಕಟ್ಟಿಸುತ್ತಿದ್ದ. ಅಲ್ಲಿ ಸುತ್ತಲೂ ಸ್ಪೀಕರ್ ಹಾಕಿಸಿ, ಅಮ್ಮ ಎದುರಿಗೇ ಕೂತು ಹಾಡಿದ ಹಾಗೆ ಕೇಳಿಸಬೇಕು ಅನ್ನುವುದು ಅವನ ಆಸೆ. ನಾನು ಕೆರೆ ಏರಿಯ ಕಲ್ಲುಮಂಟಪದಲ್ಲಿ ಐದು ಮೈಕ್ ಇಟ್ಟೆ. ಮುಂದೆ ಮೂರು, ಹಿಂದೆ ಎರಡು. ತಂಬೂರಿಯ ತಗ್ಗಿನ ಗುಂಯ್ ಅನ್ನುವ ಸದ್ದಿಗೆ ಬೇರೆಯೇ ಒಂದು ಟ್ರ್ಯಾಕ್. ಒಟ್ಟು ಆರು. ಎರಡು ಬೆಳಗಿನಲ್ಲಿ ಕೆಲಸ ಮುಗಿಯಿತು. ಅದಾಗಿ ಮೂರು ತಿಂಗಳಿಗೆ ರಂಗಮ್ಮ ತೀರಿಕೊಂಡರು.

ತಿಥಿ ಮುಗಿದ ಮಾರನೇ ವಾರ ತಿಮ್ಮರಾಜು ಸ್ಟುಡಿಯೊಗೆ ಬಂದ. ಕೂತವನೇ, "ಅವಳ ದನಿ ತೆಗೀಬೇಕು" ಅಂದ.

"ಯಾರದ್ದು?"

"ಅವಳೇ, ಆ ತೆಲುಗಮ್ಮ. ಊರಿಗೆ ಕಳಿಸ್ಬುಟ್ಟಿದೀನಿ. ನಾಳೆ ಭವನದಾಗೆ ಜನ ಕೂತ್ಕಂಡು ಕೇಳುವಾಗ, ಇವಳ್ಯಾರು ಅಂತ ಒಬ್ಬನೂ ಕೇಳ್ಬಾರ್ದು. ಆ ಮನೇಲಿ ಅವಳು ಇದ್ಲು ಅನ್ನೋದೇ ಇರ್ಬಾರ್ದು. ಆದ್ರೆ ಅಮ್ಮನ ದನಿ ಒಂದು ಚೂರೂ ಕೆಡ್ಬಾರ್ದು. ಆಯ್ತದಾ?"

ಆಗುತ್ತದೆ ಅಂದೆ. ಅವನು ಮಾಡುತ್ತಿರುವುದು ಸರಿಯೋ ತಪ್ಪೋ ಅಂತ ನಾನು ಯೋಚಿಸಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಇದು ಕಷ್ಟದ ಕೆಲಸ, ನನ್ನ ಕೈಲಾಗುತ್ತದೆ ಅನ್ನುವುದಷ್ಟೇ. ಎಡಿಟ್ ಮಾಡಿ ಮಾಡಿ ಪ್ರತಿ ಸಲ ಫೈಲನ್ನು ಕುಗ್ಗಿಸಿ ಉಳಿಸಿದರೆ ಧ್ವನಿ ಸವೆಯುತ್ತಾ ಹೋಗುತ್ತದೆ. ಅದಕ್ಕೇ ನಾನು ಕುಗ್ಗಿಸದ ಮೂಲ ಫೈಲಿನ ಪ್ರತಿ ತೆಗೆದು, ಅದರ ಮೇಲೇ ಆರೂ ಟ್ರ್ಯಾಕ್ ಬಿಡಿಸಿಟ್ಟುಕೊಂಡು ಕೂತೆ. ಓಬಳಮ್ಮನ ದನಿ ಹೆಚ್ಚಾಗಿ ಹಿಂದಿನ ಎರಡರಲ್ಲಿತ್ತು. ಅದನ್ನು ತೆಗೆಯುವುದು ಸುಲಭ. ಮುಂದಿನ ಮೈಕ್‌ಗಳಿಗೆ ಸೋರಿದ್ದನ್ನು ತಂಬೂರಿಗೆ ಪೆಟ್ಟಾಗದ ಹಾಗೆ ಒಂದೊಂದೇ ಅಕ್ಷರ ಹಿಡಿದು ಅಳಿಸಬೇಕಾಯಿತು. ಇಪ್ಪತ್ತು ದಿನ ಹಿಡಿಯಿತು. ಕೊನೆಗೆ ಅವಳ ಸಾಲು ಬರಬೇಕಾದ ಕಡೆಯೆಲ್ಲ ಬರೀ ತಂಬೂರಿ ಉಳಿಯಿತು. ಕೇಳಿದವರಿಗೆ ಮುದುಕಿ ಉಸಿರು ತಗೊಳ್ಳೋಕೆ ನಿಲ್ಲಿಸಿದ್ದಾರೆ ಅನ್ನಿಸಬೇಕು, ಅಷ್ಟು ನಯವಾಗಿ. ನನಗೆ ಹೆಮ್ಮೆಯೇ ಆಗಿತ್ತು.

ಕೆಲಸ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಓಬಳಮ್ಮ ಪಾವಗಡದ ಬಸ್ಸಿಳಿದು ಹುಡುಕಿಕೊಂಡು ಬಂದಳು. ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ನೆಲದ ಮೇಲೆ ಕೂತಳು. ಕುರ್ಚಿ ಇದೆ ಅಂದರೂ ಏಳಲಿಲ್ಲ.

"ಒಂದ್ಸಲ ಕೇಳ್ಸಣ್ಣ. ಅತ್ತೆ ದನಿ ಕೇಳಿ ಎಷ್ಟೋ ದಿನ ಆಯ್ತು."

ಪರದೆಯ ಮೇಲೆ ತೆರೆದಿದ್ದದ್ದು ಎಡಿಟ್ ಆದ ಫೈಲು. ಮೂಲದ ಫೈಲು ಪಕ್ಕದಲ್ಲೇ ಇತ್ತು, ಅದನ್ನು ಹಾಕಬಹುದಿತ್ತು. ಹಾಕಲಿಲ್ಲ. ಯಾಕೆ ಅಂತ ಕೇಳಿದರೆ, ನನ್ನ ಕೆಲಸ ಎಷ್ಟು ಚೆನ್ನಾಗಿ ಬಂದಿದೆ ಅಂತ ನೋಡಬೇಕಿತ್ತು, ಅವಳಿಗಿಂತ ಒಳ್ಳೆಯ ಕಿವಿ ಇನ್ನೆಲ್ಲಿ ಸಿಗುತ್ತದೆ ಅನ್ನಿಸಿತ್ತು. ಹೆಡ್‌ಫೋನ್ ಅವಳ ತಲೆಗೆ ನಾನೇ ಹಾಕಿದೆ.

ಅವಳು ಕಣ್ಣು ಮುಚ್ಚಿ ಕೇಳಿದಳು. ಅತ್ತೆಯ ಸಾಲು ಮುಗಿದ ಕೂಡಲೇ ಅವಳ ತುಟಿ ಅಲ್ಲಾಡುತ್ತಿತ್ತು. ಎರಡು ಸಾಲಾಯಿತು, ನಾಲ್ಕಾಯಿತು. ಕಣ್ಣು ಬಿಟ್ಟು ನನ್ನ ಕಡೆ ನೋಡಿ ಸ್ವಲ್ಪ ನಾಚಿಕೆಯಿಂದಲೇ ಕೇಳಿದಳು.

"ನಾನಿನ್ನೂ ಬಂದೇ ಇಲ್ವಲ್ಲಣ್ಣ?"

"ತೆಗೆದಿದೀನಿ ಕಣಮ್ಮ. ನಿನ್ನ ಮೈದುನ ಹೇಳಿದ್ರು."

ಅವಳು ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡಿದಳು. "ಅಯ್ಯೋ ದೇವುಡಾ" ಅಂದಳು. ಆಮೇಲೆ, "ನಂದು ಇರೋದು ಒಂದು ನಂಗೆ ಕೊಡಣ್ಣ, ಯಾರ್ಗೂ ಕೇಳ್ಸಲ್ಲ" ಅಂದಳು. ಮಾಲೀಕರು ಒಪ್ಪಬೇಕು ಅಂದೆ. ಮತ್ತೆ ಕೇಳಲಿಲ್ಲ. ಎದ್ದು ಮೆಟ್ಟಿಲಿಳಿದು ಹೋದಳು.

ಭವನದ ಉದ್ಘಾಟನೆ ಒಂದು ಭಾನುವಾರ ಬೆಳಿಗ್ಗೆ. ಕುರ್ಚಿ ಎಲ್ಲ ತುಂಬಿ, ಹಿಂದೆ ಜನ ನಿಂತಿದ್ದರು. ದೀಪ ಹಚ್ಚಿದ ಮೇಲೆ ನಾನು ಲ್ಯಾಪ್‌ಟಾಪಿನಿಂದ ಹಾಡು ಬಿಟ್ಟೆ. ಹೊರಗಿನವರಿಗೂ ಕೇಳಲಿ ಅಂತ ತಿಮ್ಮರಾಜು ಗೇಟಿನ ಕಂಬಕ್ಕೂ ಒಂದು ಸ್ಪೀಕರ್ ಕಟ್ಟಿಸಿದ್ದ. ಮೊದಲ ಪದ ಮುಗಿಯಿತು. ಎದುರು ಸಾಲಿನ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಎರಡನೆಯ ಪದದಲ್ಲಿ ರಂಗಮ್ಮ ಮೂರನೇ ಸಾಲು ಹೇಳಿ ನಿಲ್ಲಿಸಿದರು. ತಂಬೂರಿ ಮಾತ್ರ ಉಳಿಯಿತು. ಆಮೇಲೆ ನಡುವಿನ ಸ್ಪೀಕರಿನಿಂದ ರಂಗಮ್ಮನ ದನಿ ಬಂತು. ಅದು ಹಾಡಾಗಿರಲಿಲ್ಲ, ಮಾತಾಗಿತ್ತು.

"ಓಬಳೀ, ಎಲ್ಲಿದ್ದೀಯೇ? ಎತ್ಕಳೇ."

ಆ ಫೈಲನ್ನು ನಾನು ನೂರಾರು ಸಲ ಕೇಳಿದ್ದೆ. ಅಂಥ ಮಾತು ಅದರಲ್ಲಿ ಇರಲಿಲ್ಲ. ಮುಂದಿನ ಸಾಲಿನ ಒಬ್ಬಾಕೆ ತಿರುಗಿ ಪಕ್ಕದವಳ ಮುಖ ನೋಡಿದಳು. ಅಷ್ಟರಲ್ಲಿ ಗೇಟಿನ ಆಚೆಯಿಂದ ಒಂದು ದನಿ ಆ ಸಾಲನ್ನು ಎತ್ತಿಕೊಂಡಿತು. ಓಬಳಮ್ಮ. ಬೆಳಿಗ್ಗೆಯೇ ಬಂದಿದ್ದಳಂತೆ, ಗೇಟಿನಲ್ಲಿ ಒಳಗೆ ಬಿಟ್ಟಿರಲಿಲ್ಲ. ಅವಳು ಸಾಲನ್ನು ಪೂರ್ತಿ ಹಾಡಿದಳು, ನಾನು ಬಿಟ್ಟಿದ್ದ ಜಾಗಕ್ಕೆ ಸರಿಯಾಗಿ ಕೂರುವ ಹಾಗೆ. ಮುಗಿದ ಕ್ಷಣಕ್ಕೆ ರಂಗಮ್ಮನ ಮುಂದಿನ ಸಾಲು ಬಂತು.

ತಿಮ್ಮರಾಜು ಎದ್ದು ಹೊರಗೆ ಓಡಿದ. ಇಬ್ಬರು ಅವಳ ರಟ್ಟೆ ಹಿಡಿದು ಎಳೆಯುತ್ತಿದ್ದರು. ಅವಳು ಬಿಡಿಸಿಕೊಳ್ಳಲು ನೋಡಲಿಲ್ಲ, ಹಾಡುವುದನ್ನೂ ನಿಲ್ಲಿಸಲಿಲ್ಲ. ಅವನು ಅವಳ ಬಾಯಿಯ ಮೇಲೇ ಹೊಡೆದ. ಕಿಟಕಿಯಿಂದ ನನಗೆ ಕಾಣುತ್ತಿತ್ತು, ಎಷ್ಟೋ ಜನಕ್ಕೆ ಕಾಣುತ್ತಿತ್ತು. ಯಾರೂ ಏಳಲಿಲ್ಲ. ನಾನೂ ಏಳಲಿಲ್ಲ. ಹಾಡನ್ನು ನಿಲ್ಲಿಸುವುದು ಕೂಡ ನನಗೆ ಹೊಳೆಯಲಿಲ್ಲ. ಒಳಗೆ ರಂಗಮ್ಮ ಹಾಡುತ್ತಲೇ ಇದ್ದರು, ಹೊರಗೆ ಓಬಳಮ್ಮನನ್ನು ಆಟೋಗೆ ತಳ್ಳಿ ಕಳಿಸಿದರು.

ಸ್ಟುಡಿಯೊಗೆ ಬಂದವನೇ ಫೈಲು ತೆರೆದೆ. ಕರೆದ ಮಾತು ಅಲ್ಲಿಯೇ ಇತ್ತು. ನಮ್ಮ ಕಸುಬಿನಲ್ಲಿ ಒಂದು ಪರೀಕ್ಷೆ ಇದೆ. ಮೂಲದ ಫೈಲಿನ ಧ್ವನಿಯ ಅಲೆಯನ್ನು ತಲೆಕೆಳಗು ಮಾಡಿ ಎಡಿಟ್ ಆದದ್ದರ ಜೊತೆ ಸೇರಿಸಿದರೆ, ಎರಡರಲ್ಲೂ ಒಂದೇ ಥರ ಇರುವುದೆಲ್ಲ ಹೊಡೆದುಹೋಗಿ ಬದಲಾದದ್ದಷ್ಟೇ ಕೇಳಿಸುತ್ತದೆ. ಮಾಡಿ ನೋಡಿದೆ. ಓಬಳಮ್ಮನ ದನಿ ಒಂದೇ ಉಳಿಯಿತು. ಅತ್ತೆ ಕರೆದ ಜಾಗದಲ್ಲಿ ಏನೂ ಇಲ್ಲ. ಅಂದರೆ ಆ ಮಾತು ಮೂಲದಲ್ಲೂ ಇರಲೇಬೇಕು. ಮೂಲವನ್ನು ಹಾಕಿದೆ. "ಓಬಳೀ, ಎಲ್ಲಿದ್ದೀಯೇ? ಎತ್ಕಳೇ." ಅದರ ಬೆನ್ನಿಗೇ ಓಬಳಮ್ಮನ ಸಾಲು. ರೆಕಾರ್ಡ್ ಮಾಡಿದ ದಿನದಿಂದ ಇದ್ದ ಹಾಗೆ. ಇಪ್ಪತ್ತು ದಿನ ಒಂದೊಂದು ಅಕ್ಷರ ಹಿಡಿದು ಕೂತವನ ಕಿವಿಗೆ ಒಂದು ಪೂರ್ತಿ ಮಾತು ಬೀಳದೆ ಹೋಯಿತೇ? ಹೋಗಿರಬಹುದು ಅಂತ ನನಗೆ ನಾನೇ ಹೇಳಿಕೊಂಡೆ.

ಸಂಜೆ ತಿಮ್ಮರಾಜು ಫೋನ್ ಮಾಡಿದ. "ನೀನೇ ಸೇರಿಸ್ದೆ ಅಲ್ವೇನೋ? ಅವಳು ಬಂದು ಅತ್ಲು, ನೀನು ಸೇರಿಸ್ದೆ." ಇಲ್ಲ ಅಂದೆ. ಅವನು ನಂಬಲಿಲ್ಲ. "ಯಾವಂದಾದ್ರೂ ಆಗ್ಲಿ. ಅದನ್ನೂ ತೆಗಿ." ಅರ್ಧ ಗಂಟೆಯ ಕೆಲಸ. ತೆಗೆದು ಕಳಿಸಿದೆ. ಆ ಭವನದಲ್ಲಿ ಈಗಲೂ ಹಾಕುವುದು ಅದನ್ನೇ. ಮತ್ತೆ ಏನೂ ಕೇಳಿಸಿಲ್ಲ ಅಂತ ಹೇಳುತ್ತಾರೆ.

ಎರಡು ತಿಂಗಳ ಮೇಲೆ, ನಿದ್ದೆಗೆಟ್ಟು ಸಾಕಾಗಿ, ಮೂಲದ ಫೈಲನ್ನು ತಗೊಂಡು ರಾಯಚರ್ಲಿಗೆ ಹೋದೆ. ಓಬಳಮ್ಮ ಸೋಲಾರ್ ಹಲಗೆಗಳ ಸಾಲಿನ ನಡುವೆ ಹುಲ್ಲು ಕೊಯ್ಯುವ ಕೂಲಿಗೆ ಹೋಗುತ್ತಿದ್ದಳು. ಮುಂದಿನ ಒಂದು ಹಲ್ಲು ಇರಲಿಲ್ಲ. ನನ್ನನ್ನು ಬಯ್ಯಲಿಲ್ಲ, ಕುಡಿಯಲು ನೀರು ಕೊಟ್ಟಳು. ಬೇಲಿಯ ಪಕ್ಕ ಕೂತು ಹೆಡ್‌ಫೋನಿನಲ್ಲಿ ಪೂರ್ತಿ ಕೇಳಿದಳು. ಆ ಜಾಗ ಬಂದಾಗ ನನ್ನ ಕಡೆ ತಿರುಗಿದಳು.

"ಅವತ್ತು ಮಂಟಪದಾಗೆ ಅತ್ತೆ ನನ್ನ ಕರೀನೇ ಇಲ್ಲ ಕಣಣ್ಣ. ನಾನು ಬೆನ್ನಿಗೆ ಅಂಟ್ಕಂಡೇ ಕೂತಿದ್ನಲ್ಲ. ಎಲ್ಲಿದ್ದೀಯ ಅಂತ ಯಾಕೆ ಕೇಳ್ತಾಳೆ?"

ಆಮೇಲೆ ಈ ಕಸುಬು ಗೊತ್ತಿದ್ದವರಿಗೂ ಆ ಫೈಲು ತೋರಿಸಿದ್ದೇನೆ, ಆ ಮಾತು ಎಲ್ಲಿಂದ ಬಂತು ಅಂತ ಅವರೂ ಹೇಳಲಾರರು.

ಮೇಸ್ತ್ರಿ ಕೂಗಿದ. ಅವಳು ಕುಡುಗೋಲು ತಗೊಂಡು ಎದ್ದಳು. ಎರಡು ಹೆಜ್ಜೆ ಹೋಗಿ ನಿಂತು ಕೇಳಿದಳು.

"ಅಲ್ಲಿ, ಭವನದಾಗೆ, ಈಗ್ಲೂ ಕರೀತಾಳಾ?"

ಹೂಂ ಕಣಮ್ಮ, ದಿನಾ ಕರೀತಾರೆ ಅಂದೆ.